ಶುಶ್ರೂಷೆಗೆ ಹೊರಟವಳು

‘ಶುಶ್ರೂಷೆ’ ಎಂಬ ಮಾತನ್ನು ಇಂದು ಹೆಚ್ಚಾಗಿ ರೋಗಿಗಳ ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತಾರೆ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಇದು ಕೇಳುವುದು ಎಂಬ ಅರ್ಥದ ‘ಶ್ರು’ ಧಾತುವಿನಿಂದ ಹುಟ್ಟಿದ ಇಚ್ಛಾರ್ಥಕ ರೂಪ. ಕೇಳಬೇಕೆಂಬ ಬಯಕೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಬಯಸುವವನು ಗುರುವಿನ ಸನ್ನಿಧಿಯಲ್ಲಿಯೇ ಇರಬೇಕು; ಇದ್ದ ಮೇಲೆ ನೀರು ತರಬೇಕು, ಸೌದೆ ಹೊರಬೇಕು, ಕಾಲೊತ್ತಬೇಕು. ಹೀಗೆ ಕೇಳುವ ಬಯಕೆಯೇ ಸೇವೆಯೆಂಬ ಅರ್ಥವನ್ನು ತಳೆದು, ಕಟ್ಟಕಡೆಗೆ ಆಸ್ಪತ್ರೆಯ ಮಂಚದ ಬಳಿಗೆ ಬಂದು ನಿಂತಿತು. ‘ದಾದಿ’ ಎಂಬುದಾದರೋ ‘ಧಾತ್ರಿ’ಯ ತದ್ಭವ, ಮೊಲೆಯೂಡಿ ಮಗುವನ್ನು ಸಾಕುವವಳು ಎಂದರ್ಥ. ಸರ್ಕಾರದ ಕಾಗದಪತ್ರಗಳಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎಂಬ ಘನವಾದ ಹೆಸರು ಬಂದಿದೆ. ನಮ್ಮ ಸೀಮೆಯ ಹಳ್ಳಿಗರ ಬಾಯಲ್ಲಿ ಮಾತ್ರ ಇಂದಿಗೂ ‘ನರ್ಸಬಾಯಿ’, ಇಲ್ಲವೆ ‘ಸಿಸ್ಟರ್’. ಹೆಸರು ಯಾವುದಾದರೂ ಆಗಲಿ, ಆ ಹುದ್ದೆಗೆ ಸೇರಬೇಕಾದರೆ ಅನೇಕ ಕಡೆ ಸಂದರ್ಶನವೆಂಬ ಹೊಸ್ತಿಲನ್ನು ದಾಟಬೇಕು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ವೈದ್ಯನನ್ನು ಹೊಗಳುವವರು ಬಹಳ; ಔಷಧವನ್ನು ಕೊಂಡಾಡುವವರೂ ಉಂಟು; ಮೂರನೆಯ ಪಾದವನ್ನು ನೆನೆಯುವವರು ವಿರಳ. ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಪರಿಚಾರಕನಲ್ಲಿರಬೇಕೆಂದು ಆ ಗ್ರಂಥದ ಅಭಿಪ್ರಾಯ. ಇಂದಿನ ಆಸ್ಪತ್ರೆಗಳ ಆಯ್ಕೆ ಮಂಡಳಿಯವರು ಚರಕನನ್ನು ಓದಿರಲಾರರು. ಆದರೂ ಅವರು ತಡಕುವುದು ಇವನ್ನೇ. ಆ ನಾಲ್ಕರಲ್ಲಿ ಅನುರಾಗವೊಂದನ್ನು ಹದಿನೈದು ನಿಮಿಷಗಳ ಪ್ರಶ್ನೋತ್ತರದಲ್ಲಿ ಪರೀಕ್ಷಿಸುವ ಉಪಾಯವನ್ನು ಈವರೆಗೆ ಯಾರೂ ಕಂಡುಹಿಡಿದಂತಿಲ್ಲ.

ಈ ಶಾಲೆಯಿಂದ ಹೊರಬಿದ್ದವರಲ್ಲಿ ಇಂಜಿನಿಯರರಾದವರ, ಅಧಿಕಾರಿಗಳಾದವರ ಹೆಸರುಗಳು ಗೋಡೆಯ ಫಲಕದ ಮೇಲೆ ಬಣ್ಣದಲ್ಲಿ ಮೂಡಿವೆ. ದಾದಿಯರಾದವರ ಹೆಸರು ಅಲ್ಲಿ ಕಾಣುವುದಿಲ್ಲ. ಇದು ಯಾರನ್ನೂ ಆಕ್ಷೇಪಿಸಲು ಆಡಿದ ಮಾತಲ್ಲ, ಫಲಕ ಚಿಕ್ಕದು. ಆದರೆ ಪ್ರಸಾದನಿಲಯಕ್ಕೆ ಜೋಳ, ಬೇಳೆ, ಎಣ್ಣೆಗಳನ್ನು ವರ್ಷಂಪ್ರತಿ ಕಳುಹಿಸುವ ದಾನಿಗಳು ತಮ್ಮ ಧಾನ್ಯ ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿಯಬಯಸಿದರೆ, ಇಲ್ಲಿ ಹೇಳಹೊರಟಿರುವ ಹುಡುಗಿಯ ವೃತ್ತಾಂತ ಒಂದಿಷ್ಟು ಉತ್ತರ ಕೊಟ್ಟೀತು. ಆಕೆಯ ಹೆಸರನ್ನು ಬರೆಯುವುದು ಆಕೆಗೆ ಇಷ್ಟವಿಲ್ಲ.

ಹುಡುಗಿಯ ತಂದೆ ಗದಗ ಸೀಮೆಯ ಎರೆಹೊಲದ ಒಕ್ಕಲಿಗ. ಮಳೆಯನ್ನೇ ನಂಬಿದ ಬೇಸಾಯ. ಎಂಟನೆಯ ತರಗತಿಯಿಂದ ಹತ್ತನೆಯದರವರೆಗೆ ಆಕೆ ಇಲ್ಲಿಯೇ ಉಂಡು ಇಲ್ಲಿಯೇ ಕಲಿತವಳು. ಓದೆಲ್ಲವೂ ಕನ್ನಡ ಮಾಧ್ಯಮದಲ್ಲಿ. ಮುಂದೆ ಮೂರು ವರ್ಷಗಳ ಜಿ.ಎನ್.ಎಂ. ಶಿಕ್ಷಣವನ್ನು ಮುಗಿಸಿ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ದಾದಿಯೆಂದೂ ಸೂಲಗಿತ್ತಿಯೆಂದೂ ನೋಂದಣಿ ಪಡೆದಳು. ಆ ಶಿಕ್ಷಣಕ್ಕಾಗಿ ತಂದೆ ಸೊಸೈಟಿಯಲ್ಲಿ ಸಾಲ ಮಾಡಿದ್ದನು. ಮೊದಲನೆಯ ಸಂದರ್ಶನಕ್ಕೆಂದು ಒಂದೂರಿಗೆ ಹೋದಾಗ ಅಲ್ಲಿಯವರು ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳಿದರು. ಹುಡುಗಿ ಮೂರಕ್ಕೂ ಮೌನವಾಗಿ ನಿಂತು ಹೊರಗೆ ಬಂದಳು. ಉತ್ತರ ಬಾರದೆ ಅಲ್ಲ, ಮಾತು ಬಾರದೆ. ಅದೇ ತಿಂಗಳು ಮನೆಗೆ ವರನ ಕಡೆಯವರು ಬಂದರು. ಸಂಬಂಧ ಒಳ್ಳೆಯದೇ, ಆದರೆ ರಾತ್ರಿ ಪಾಳಿಯ ನೌಕರಿ ಬೇಡವೆಂದು ಅವರ ಕರಾರು. ಯುಗಾದಿಯೊಳಗೆ ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಮಾತು ಮುಗಿಸಿಬಿಡುವುದೆಂದು ತಂದೆ ಹೇಳಿದನು. ಬೆಂಗಳೂರಿನ ಆಸ್ಪತ್ರೆಯೊಂದರಿಂದ ಎರಡನೆಯ ಕರೆ ಬಂದಾಗ ಯುಗಾದಿಗೆ ಒಂದೂವರೆ ತಿಂಗಳಿತ್ತು. ಸಂದರ್ಶನಕ್ಕೆ 21 ದಿನ.

ಹುಡುಗಿ ಆಶ್ರಯಿಸಿದ್ದು ಈ ಊರಿನಲ್ಲಿಯೇ ವಾಸವಾಗಿರುವ ಹಿರಿಯ ವಿದ್ಯಾರ್ಥಿನಿಯೊಬ್ಬರನ್ನು. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ಶುಶ್ರೂಷಾ ಅಧೀಕ್ಷಕಿಯಾಗಿ ನಿವೃತ್ತರಾದವರು. ಮಾತು ಕಡಿಮೆ, ಕಣ್ಣು ಚುರುಕು. ಮೊದಲನೆಯ ಸಂಜೆ ಹುಡುಗಿ ಯಾವುದೋ ಪುಸ್ತಕದಿಂದ ಬಾಯಿಪಾಠ ಮಾಡಿದ ಇಂಗ್ಲಿಷ್ ಪರಿಚಯವನ್ನು ಒಪ್ಪಿಸಿದಳು. ಅದರಲ್ಲಿ ಸೇವಾಭಾವವಿತ್ತು, ಕಠಿಣ ಪರಿಶ್ರಮವಿತ್ತು, ಉಜ್ವಲ ಭವಿಷ್ಯವಿತ್ತು. ಹುಡುಗಿ ಮಾತ್ರ ಇರಲಿಲ್ಲ. ಅಧೀಕ್ಷಕಿ ಪೂರ್ತಿ ಕೇಳಿ, “ತಂಗಿ, ಇಂಗ್ಲಿಷ್ ತಪ್ಪಾದರ ಯಾರೂ ಸಾಯೂದಿಲ್ಲ. ಲೆಕ್ಕ ತಪ್ಪಾದರ ಸಾಯತಾರ. ಮೊದಲು ಲೆಕ್ಕ ಮಾಡೂಣು,” ಎಂದರು.

ಹೀಗೆ ಸಂದರ್ಶನದ ಸಿದ್ಧತೆ ಅಂಕಗಣಿತದಿಂದ ಆರಂಭವಾಯಿತು. 500 ಮಿಲಿಲೀಟರ್ ಸಲೈನನ್ನು ನಾಲ್ಕು ಗಂಟೆಗಳಲ್ಲಿ ಹರಿಸಬೇಕು. ಕೊಳವೆ ಮಿಲಿಲೀಟರಿಗೆ 20 ಹನಿ ಬೀಳುವಂಥದು. ನಿಮಿಷಕ್ಕೆ ಎಷ್ಟು ಹನಿ? ಒಟ್ಟು 10,000 ಹನಿ, 240 ನಿಮಿಷ. ಭಾಗಿಸಿದರೆ 42ರ ಸಮೀಪ. ಎಳೆಯ ಮಕ್ಕಳಿಗೆ ಬಳಸುವ ಸೂಕ್ಷ್ಮ ಕೊಳವೆಯಲ್ಲಿ ಮಿಲಿಲೀಟರಿಗೆ 60 ಹನಿ. ಗಂಟೆಗೂ 60 ನಿಮಿಷ. ಆದುದರಿಂದ ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ. ಅಲ್ಲಿ ಲೆಕ್ಕವೇ ಬೇಡ. ಈ ಸರಳವಾದ ಸಂಗತಿಯನ್ನು ಮೂರು ವರ್ಷ ಓದಿದರೂ ಯಾರೂ ಬಿಡಿಸಿ ಹೇಳಿರಲಿಲ್ಲವೆಂದು ಹುಡುಗಿಗೆ ಆಶ್ಚರ್ಯವಾಯಿತು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಯಂತ್ರಗಳು ಹನಿಯನ್ನು ಎಣಿಸುತ್ತವೆ; ಆದರೆ ಯಂತ್ರಕ್ಕೆ ಅಂಕೆಯನ್ನು ಕೊಡುವ ಬೆರಳು ಮನುಷ್ಯರದೇ.

ಇನ್ಸುಲಿನ್ನಿನ ಲೆಕ್ಕಕ್ಕೆ ಎರಡು ಸಂಜೆಗಳು ಹಿಡಿದವು. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಈ ಔಷಧ ಎರಡು ತೀಕ್ಷ್ಣತೆಗಳಲ್ಲಿ ದೊರೆಯುತ್ತದೆ: ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಸಿರಿಂಜುಗಳೂ ಎರಡು ಬಗೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು 20 ಅಲ್ಲ, 50 ಯೂನಿಟ್. ಕೈ ಸರಿಯಾಗಿಯೇ ಕೆಲಸ ಮಾಡಿತು, ಕಣ್ಣು ಗೆರೆಯನ್ನು ಸರಿಯಾಗಿಯೇ ನೋಡಿತು. ಆದರೂ ಗಂಟೆಯೊಳಗಾಗಿ ಮುದುಕನೊಬ್ಬನು ಬೆವೆತು, ತೊದಲಿ, ಎಚ್ಚರ ತಪ್ಪಿ ಬೀಳಬಹುದು. “ಎಷ್ಟು ಯೂನಿಟ್ ಎಳೀತಿ ಅಂತ ಕೇಳಿದರ ಉತ್ತರ ಹೇಳಬ್ಯಾಡ. ಯಾವ ಸೀಸೆ, ಯಾವ ಸಿರಿಂಜು ಅಂತ ತಿರುಗಿ ಕೇಳು,” ಎಂದು ಅಧೀಕ್ಷಕಿ ಮೂರು ಸಲ ಹೇಳಿದರು. ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವುದು ಅವಿನಯವೆಂದು ಶಾಲೆಗಳಲ್ಲಿ ಕಲಿಸುವ ವಾಡಿಕೆ. ಈ ಉದ್ಯೋಗದಲ್ಲಿ ಅದು ಕೆಲವೊಮ್ಮೆ ಪ್ರಾಣ ಉಳಿಸುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನ ಗಾಢ ದ್ರಾವಣವನ್ನು ತೆಳುವಾಗಿಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗುತ್ತದೆಂಬುದನ್ನು ಹುಡುಗಿ ಬಲ್ಲಳು. ಅದನ್ನು ಬಲ್ಲೆನೆಂದು ಅಂಜದೆ ಹೇಳುವುದನ್ನು ಆಮೇಲೆ ಕಲಿತಳು.

ಎರಡನೆಯ ವಾರ ಸಂದಿಗ್ಧ ಪ್ರಶ್ನೆಗಳ ಸರದಿ. ರಾತ್ರಿ ಎರಡು ಗಂಟೆ. ವಾರ್ಡಿನಲ್ಲಿ ಒಬ್ಬಳೇ ದಾದಿ. ಶಸ್ತ್ರಚಿಕಿತ್ಸೆಯಾದವನೊಬ್ಬನು ನೋವಿನಿಂದ ಕೂಗುತ್ತಿದ್ದಾನೆ. ಇನ್ನೊಬ್ಬನ ಸಲೈನ್ ಮುಗಿಯುತ್ತ ಬಂದಿದೆ. ಮತ್ತೊಬ್ಬ ರೋಗಿಯ ಸಂಬಂಧಿಕನು ಮೇಜು ಗುದ್ದಿ ಬೈಯುತ್ತಿದ್ದಾನೆ. ಮೂಲೆಯ ಮಂಚದ ಸಕ್ಕರೆಕಾಯಿಲೆಯ ಮುದುಕನು ಏನನ್ನೂ ಕೇಳುತ್ತಿಲ್ಲ. ಮೈ ತಣ್ಣಗೆ ಬೆವೆತಿದೆ, ಮಾತು ಅಸ್ಪಷ್ಟವಾಗಿದೆ. ಯಾರ ಬಳಿಗೆ ಮೊದಲು ಹೋಗಬೇಕು? ಹುಡುಗಿ ಮೊದಲು ನೋವಿನವನ ಹೆಸರು ಹೇಳಿದಳು. ಕೂಗುವವನ ಕಡೆಗೆ ಕಾಲು ತಿರುಗುವುದು ಮನುಷ್ಯಸ್ವಭಾವ. ಕೂಗುವವನಿಗೆ ಉಸಿರು ಇದೆಯೆಂಬುದು ಕೂಗಿನಿಂದಲೇ ಗೊತ್ತಾಗುತ್ತದೆಂದೂ, ಸದ್ದಿಲ್ಲದವನ ಬಳಿಗೆ ಮೊದಲು ಹೋಗಿ ಸಕ್ಕರೆಯ ಪ್ರಮಾಣವನ್ನು ನೋಡಬೇಕೆಂದೂ ಅಧೀಕ್ಷಕಿ ತಿಳಿಸಿದರು. ಮೇಜು ಗುದ್ದುವವನಿಗೆ, ಹಾದುಹೋಗುತ್ತಲೇ, ಐದು ನಿಮಿಷದಲ್ಲಿ ಬರುತ್ತೇನೆಂದು ಹೇಳಿ, ಐದು ನಿಮಿಷದಲ್ಲಿ ನಿಜವಾಗಿಯೂ ಬರಬೇಕು.

ವೈದ್ಯರಿಗೆ ದೂರವಾಣಿ ಮಾಡುವ ಕ್ರಮವನ್ನು ಅಭಿನಯಿಸಿಯೇ ಕಲಿಸಿದರು. ಅಧೀಕ್ಷಕಿಯವರೇ ನಿದ್ದೆಗಣ್ಣಿನ ವೈದ್ಯರಾಗಿ ಗದರುವರು. ಹುಡುಗಿ ಅಳುಕದೆ ಈಗಿನ ಸ್ಥಿತಿ, ಅದರ ಹಿನ್ನೆಲೆ, ತನ್ನ ಅಂದಾಜು, ತನಗೆ ಬೇಕಾದ ಆದೇಶ ಎಂಬ ನಾಲ್ಕನ್ನು ಇದೇ ಅನುಕ್ರಮದಲ್ಲಿ ಅರೆನಿಮಿಷದಲ್ಲಿ ಹೇಳಬೇಕು. ಅಮೆರಿಕದ ನೌಕಾದಳದ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಕ್ರಮವಿದು. ವೈದ್ಯರು ಬಾಯಿಮಾತಿನಲ್ಲಿ ಹೇಳಿದ ಔಷಧವನ್ನೂ ಪ್ರಮಾಣವನ್ನೂ ಬರೆದುಕೊಂಡು, ಅವರಿಗೇ ತಿರುಗಿ ಓದಿ ಹೇಳಿ, ಹೌದೆನಿಸಿಕೊಳ್ಳಬೇಕು. ಮೊದಲ ದಿನ ಹುಡುಗಿ “ಸಾರ್, ಪೇಶಂಟ್ ಸರಿ ಇಲ್ಲ ಸಾರ್” ಎಂದಷ್ಟೇ ಹೇಳಿ ನಿಂತಳು. “ಸರಿ ಇದ್ದರ ದವಾಖಾನಿಗೆ ಯಾಕ ಬರತಿದ್ದ?” ಎಂದು ವೈದ್ಯವೇಷದ ಮುದುಕಿ ಗದರಿದಾಗ ಇಬ್ಬರೂ ನಕ್ಕರು. ಆರನೆಯ ಸಲಕ್ಕೆ ಮಾತು ಹಳಿಗೆ ಬಂದಿತು.

ಮೂರನೆಯ ವಾರದಲ್ಲಿ ನಡೆದ ಒಂದು ಸಂಗತಿಯನ್ನು ಕನ್ನಡದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ತನ್ನ ಕನ್ನಡವೇ ತನಗೆ ಶತ್ರುವೆಂದು ಹುಡುಗಿ ತಿಳಿದಿದ್ದಳು. ಅಧೀಕ್ಷಕಿ ಒಂದು ಹಾಳೆಯನ್ನು ಕೊಟ್ಟು, ರೋಗಿಗಳು ಆಡುವ ಮಾತುಗಳನ್ನೆಲ್ಲ ಪಟ್ಟಿಮಾಡಲು ಹೇಳಿದರು. ಎದೆ ಹಿಡಿದಂತಾಗುವುದು, ಎದೆ ಉರಿ, ದಮ್ಮು, ಉಬ್ಬಸ, ಏದುಸಿರು, ಹೊಟ್ಟೆ ತೊಳಸು, ಹೊಟ್ಟೆ ಮುರಿತ, ಕಣ್ಣುಕತ್ತಲೆ, ತಲೆಸುತ್ತು, ಜೋಮು, ಜುಮುಜುಮು, ನಡುಕ, ಸಂಕಟ: ಹಾಳೆಯ ಎರಡೂ ಮಗ್ಗುಲು ತುಂಬಿದವು. ಇವು ಒಂದೊಂದೂ ಬೇರೆ ಬೇರೆ ಲಕ್ಷಣಗಳು. ನಿಘಂಟಿನಲ್ಲಿ ಸಮಾನಾರ್ಥಕಗಳಂತೆ ಕಂಡರೂ ಮಂಚದ ಬಳಿ ಸಮಾನವಲ್ಲ. ‘ಗ್ಯಾಸ್ ಆಗೈತಿ’ ಎನ್ನುವ ಅರುವತ್ತರ ವೃದ್ಧನು ಬೆವರುತ್ತಿದ್ದರೆ ಅದು ಹೃದಯಾಘಾತವೂ ಆಗಿರಬಹುದು. ಸಕ್ಕರೆಕಾಯಿಲೆಯವರಲ್ಲಿ, ಹೆಂಗಸರಲ್ಲಿ ಎದೆನೋವು ನೋವಿನ ರೂಪದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ‘ಹೊರಗಾಗಿದ್ದಾಳೆ’ ಎಂದರೆ ಮುಟ್ಟು. ‘ಹೊರಕಡೆ ಆಗಿಲ್ಲ’ ಎಂದರೆ ಮಲಬದ್ಧತೆ. ಹೊರನಾಡಿನಿಂದ ಬಂದ ದಾದಿಗೆ ಎರಡೂ ಒಂದೇ ಎಂದು ತೋರಿದರೆ ಕೇಸ್‌ಶೀಟಿನಲ್ಲಿ ಅನರ್ಥ ನಿಶ್ಚಿತ.

1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ರೋಗಿಯ ಎಚ್ಚರದ ಮಟ್ಟವನ್ನು ಅಳೆಯುವ ಒಂದು ಮಾನದಂಡವನ್ನು ರೂಪಿಸಿದರು. ಕಣ್ಣಿಗೆ ಹೆಚ್ಚೆಂದರೆ 4, ಮಾತಿಗೆ 5, ಅಂಗಚಲನೆಗೆ 6. ಪೂರ್ಣ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. ಮಾತಿನ ಅಂಕಗಳನ್ನು ಕೊಡಬೇಕಾದರೆ ರೋಗಿಯ ಮಾತು ದಾದಿಗೆ ಅರ್ಥವಾಗಬೇಕು. ತಲೆಗೆ ಪೆಟ್ಟು ಬಿದ್ದ ರೈತನು ತನ್ನ ಎತ್ತು ಎಲ್ಲಿದೆಯೆಂದು ಅಚ್ಚಗನ್ನಡದಲ್ಲಿ ಸ್ಪಷ್ಟವಾಗಿಯೇ ಕೇಳಿದರೂ, ಕೇಳುವ ಕಿವಿಗೆ ಭಾಷೆ ತಿಳಿಯದಿದ್ದರೆ ಅದು ‘ಅರ್ಥವಾಗದ ಧ್ವನಿ’ಯಾಗಿ ಅಂಕ ಇಳಿದುಹೋಗುತ್ತದೆ. ಹುಡುಗಿ ಆ ಹಾಳೆಯನ್ನು ಮಡಚಿ ಪ್ರಮಾಣಪತ್ರಗಳ ಜೊತೆಗೆ ಇಟ್ಟುಕೊಂಡಳು. ಇಂಗ್ಲಿಷನ್ನು ಬಿಡಲಿಲ್ಲ, ಬಿಡುವಂತೆಯೂ ಇಲ್ಲ, ಔಷಧಗಳ ಹೆಸರೂ ವೈದ್ಯರ ಟಿಪ್ಪಣಿಯೂ ಅದರಲ್ಲಿಯೇ ಇರುತ್ತವೆ. ಆದರೆ ಬಾಯಿಪಾಠದ ಪರಿಚಯಕ್ಕೆ ಬದಲಾಗಿ ನಾಲ್ಕು ಚಿಕ್ಕ ವಾಕ್ಯಗಳು ಬಂದವು: ಊರು ಯಾವುದು, ಏನು ಓದಿದೆ, ಯಾವ ವಾರ್ಡುಗಳಲ್ಲಿ ಕೆಲಸ ಮಾಡಿದೆ, ಯಾವ ಕೆಲಸವನ್ನು ಒಬ್ಬಳೇ ಮಾಡಬಲ್ಲೆ.

ಆಸ್ಪತ್ರೆಯ ಕಸವನ್ನು ಬೇರ್ಪಡಿಸುವ 2016ರ ನಿಯಮಗಳನ್ನು ಒಂದೇ ಸಂಜೆಯಲ್ಲಿ ಮುಗಿಸಿದರು. ರಕ್ತ ಹತ್ತಿದ ಹತ್ತಿ ಹಳದಿಗೆ, ಸಲೈನಿನ ಕೊಳವೆ ಕೆಂಪಿಗೆ, ಸೂಜಿ ತೂರಿ ಹೋಗದ ಬಿಳಿಯ ಡಬ್ಬಿಗೆ, ಗಾಜಿನ ಸೀಸೆ ನೀಲಿಗೆ. ಇದು ಕಂಠಪಾಠದ ವಿಷಯ, ಬಂದರೆ ಬಂತು.

ಬಳೆಯ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಮೊಣಕೈಯಿಂದ ಕೆಳಗೆ ಬಳೆ, ಗಡಿಯಾರ, ಉಂಗುರ ಯಾವುದೂ ಇರಬಾರದೆಂಬುದು ಕೈಶುದ್ಧಿಯ ಕಟ್ಟಳೆ. ಸಂದರ್ಶನಕ್ಕೆ ಬಂದವಳ ಕೈಯನ್ನು ಮಂಡಳಿಯವರು ಮೊದಲೇ ನೋಡುತ್ತಾರೆ. ಹುಡುಗಿಯ ತಾಯಿ ಒಪ್ಪಲಿಲ್ಲ. “ಬರಿಗೈಲೆ ಹೊಂಟೀಯಲ್ಲ ಯವ್ವಾ, ಶುಭಕ್ಕ ಹೋಗಾಕಿ,” ಎಂದು ಕಣ್ಣೀರಿಟ್ಟಳು. ಹೆಂಗಸರ ಪಾಲಿಗೆ ಹಸಿರು ಬಳೆಯೆಂದರೆ ಏನೆಂಬುದನ್ನು ಬಲ್ಲವರು ಈ ಕಣ್ಣೀರನ್ನು ಮೌಢ್ಯವೆಂದು ತಳ್ಳಿಹಾಕಲಾರರು. ಅಧೀಕ್ಷಕಿ ವಾದಕ್ಕೆ ನಿಲ್ಲಲಿಲ್ಲ. ಒಂದು ದಿನ ತಾವೇ ಆ ಮನೆಗೆ ಹೋಗಿ, ಎಣ್ಣೆಯಲ್ಲಿ ಕಲಸಿದ ಅರಿಸಿನವನ್ನು ಹುಡುಗಿಯ ಎರಡು ಕೈಗಳಿಗೂ ಮೊಣಕೈವರೆಗೆ ಸವರಿದರು. ಎಡಗೈಯಲ್ಲಿ ಬಳೆ ಇರಲಿ, ಬಲಗೈಯವನ್ನು ತೆಗೆಯೆಂದರು. ಸಾಬೂನು ಹಚ್ಚಿ ಒಂದು ನಿಮಿಷ ತೊಳೆಸಿ, ಎರಡೂ ಕೈಗಳನ್ನು ತಾಯಿಯ ಮುಂದೆ ಹಿಡಿಸಿದರು. ಬಲಗೈಯಲ್ಲಿ ಬಣ್ಣ ಮಾಸಿತ್ತು. ಎಡಗೈಯ ಬಳೆಗಳ ಕೆಳಗೆ ಹಳದಿಯ ಪಟ್ಟಿ ಹಾಗೆಯೇ ಉಳಿದಿತ್ತು. “ಇದು ಅರಿಷಿಣ. ಅಲ್ಲಿ ಇರೂದು ಕೀವು, ರಕ್ತ. ಈ ಕೈಲೆ ಹಸುಗೂಸು ಎತ್ತಬೇಕು,” ಎಂದರು. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು, ಬಳೆಗಳನ್ನು ಇಡುವುದಕ್ಕೆ ಒಂದು ಚಿಕ್ಕ ಡಬ್ಬಿಯನ್ನು ಹುಡುಕಿ ತಂದಳು. ಮನೆಗೆ ಬಂದ ದಿನ ಹಾಕಿಕೊಳ್ಳಬೇಕೆಂದು ಒಪ್ಪಂದವಾಯಿತು.

ದೊಡ್ಡಪ್ಪನ ಆಕ್ಷೇಪ ಬೇರೆಯದು. ಕಂಡಕಂಡವರ ಮಲಮೂತ್ರ ಬಳಿಯುವ, ಹೆಣ ತೊಳೆಯುವ ಕೆಲಸ ಮಾಡಿ ಬಂದವಳು ಮನೆಯೊಳಗೆ ಹೇಗೆ ಬರಬೇಕೆಂದು ಅವನು ಕೇಳಿದನು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದರೆಂಬುದನ್ನು ಈ ಸೀಮೆಯ ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಕಲಿತುದು ಪರೀಕ್ಷೆಯ ಹಾಳೆಗೆ ಹೋಗುತ್ತದೆ. ಹಿತ್ತಿಲ ಬಾಗಿಲಲ್ಲಿ ಹಳೆಯದೇ ನಡೆಯುತ್ತಿರುತ್ತದೆ. ದಾದಿಯ ಕೆಲಸದಲ್ಲಿ ಈ ಐದೂ ಒಂದೇ ಪಾಳಿಯಲ್ಲಿ ಎದುರಾಗುತ್ತವೆ. ಇದಕ್ಕೆ ಉತ್ತರ ಕೊಟ್ಟವಳು ಮನೆಯ ಅಜ್ಜಿ. “ನಿನ್ನ ಹಡೆದಾಗ ನನ್ನ ಬಳದಾಕಿ ಸೂಲಗಿತ್ತಿ. ಆಕಿ ಕೈಯಾಗ ಹುಟ್ಟಿದಾಂವ ನೀ. ಎಲ್ಲಿ ತೊಳಕೊಂಡಿ?” ಎಂದಳು. ದೊಡ್ಡಪ್ಪ ಹೊಲಕ್ಕೆ ಹೋದನು.

ತಂದೆಯ ಅಂಜಿಕೆ ಹಾಗೆ ನಕ್ಕು ಬಿಡುವಂಥದಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಸುದ್ದಿಯನ್ನು ಅವನು ಪತ್ರಿಕೆಯಲ್ಲಿ ಓದಿದ್ದನು. 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಅಲ್ಲಿಯ ನೌಕರನೊಬ್ಬನ ಪಾಶವೀ ಆಕ್ರಮಣಕ್ಕೆ ತುತ್ತಾಗಿ ಪ್ರಜ್ಞೆ ಕಳೆದುಕೊಂಡ ಆಕೆ 2015ರ ಮೇ 18ರಂದು ಅಲ್ಲಿಯೇ ಕೊನೆಯುಸಿರೆಳೆದರು. ನಡುವಿನ ಆ ನಲವತ್ತೊಂದೂವರೆ ವರ್ಷಗಳ ಕಾಲ ಆಕೆಯನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರಿನವರು ನಿವೃತ್ತರಾದರೆ ಮುಂದಿನವರು. ಅಷ್ಟು ದೀರ್ಘಕಾಲ ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು ಆಗದಂತೆ ಕಾಯ್ದರು. ಆಕೆಗೆ ದಯಾಮರಣ ಕೊಡಬೇಕೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಬೇಡ, ನಾವು ನೋಡಿಕೊಳ್ಳುತ್ತೇವೆಂದರು. 2011ರಲ್ಲಿ ನ್ಯಾಯಾಲಯ ಅವರ ಮಾತನ್ನು ಮನ್ನಿಸಿತು. ತಂದೆಗೆ ಕಂಡದ್ದು ಈ ವೃತ್ತಾಂತದ ಮೊದಲ ರಾತ್ರಿ. ಅಧೀಕ್ಷಕಿಗೆ ಕಂಡದ್ದು ಉಳಿದ ವರ್ಷಗಳು. ಇಬ್ಬರೂ ಸರಿಯೇ. ಆದುದರಿಂದ, ರಾತ್ರಿ ಪಾಳಿಯವರಿಗೆ ವಾಹನ ಉಂಟೆ, ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಉಂಟೆ, ದೂರು ಕೊಡಬೇಕಾದರೆ ಯಾರಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಹುಡುಗಿಯೇ ಮಂಡಳಿಯವರಿಗೆ ಕೇಳಬೇಕೆಂದು ನಿಶ್ಚಯವಾಯಿತು. ಕೇಳಿದರೆ ಕೆಲಸ ಕೊಡುವುದಿಲ್ಲವೇನೋ ಎಂದು ಆಕೆ ಅಳುಕಿದಳು. ಕೇಳಿದ್ದಕ್ಕೆ ಕೊಡದವರ ಬಳಿ ಕೆಲಸ ಮಾಡಬಾರದೆಂದು ತಂದೆಯೇ ಹೇಳಿದನು. ಅಂದಿನಿಂದ ಅವನ ವಿರೋಧ ಅರ್ಧಕ್ಕೆ ಇಳಿಯಿತು.

ವೇತನದ ಮಾತೂ ಬಂದಿತು. ಖಾಸಗಿ ಆಸ್ಪತ್ರೆಗಳ ದಾದಿಯರ ದುಃಸ್ಥಿತಿಯನ್ನು ಕುರಿತು 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶ ನೀಡಿತು. ಅದರಂತೆ ರಚಿತವಾದ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ದಾದಿಯರಷ್ಟೇ ವೇತನವಿರಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳ ಕಡೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದೂ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಸ್ಥಳಗಳು ಬೇಕಾದಷ್ಟಿವೆ. ಆದರೂ ಅಂಕೆ ತಿಳಿದವಳು ಕುರ್ಚಿಯಲ್ಲಿ ಕುಳಿತುಕೊಳ್ಳುವ ರೀತಿಯೇ ಬೇರೆ. ಮೂಲ ಪ್ರಮಾಣಪತ್ರಗಳನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು, ಒತ್ತೆಯಿಟ್ಟು ಬರಬಾರದು. ಓದದ ಕರಾರಿಗೆ ಸಹಿ ಹಾಕಬಾರದು. ಹೀಗೆ ಸಹಿ ಹಾಕಿ ಎರಡು ವರ್ಷ ಬಿಡುಗಡೆಯಿಲ್ಲದೆ ಒದ್ದಾಡಿದ ಹೆಣ್ಣುಮಕ್ಕಳನ್ನು ಅಧೀಕ್ಷಕಿ ಕಂಡಿದ್ದರು.

ಸಂದರ್ಶನದ ಹಿಂದಿನ ರಾತ್ರಿ ಹುಡುಗಿ ತಂದೆಯೊಡನೆ ರೈಲಿನಲ್ಲಿ ಹೊರಟಳು. ಉಗುರು ಕತ್ತರಿಸಿತ್ತು, ಕೂದಲು ಗಂಟಾಗಿ ಬಿಗಿದಿತ್ತು, ಬಳೆಯ ಡಬ್ಬಿ ಚೀಲದ ತಳದಲ್ಲಿತ್ತು. ಮಂಡಳಿಯಲ್ಲಿ ಮೂವರಿದ್ದರು: ಮಲಯಾಳಿ ಮುಖ್ಯ ದಾದಿ, ಒಬ್ಬ ವೈದ್ಯರು, ಸಿಬ್ಬಂದಿ ವಿಭಾಗದ ಅಧಿಕಾರಿ. ನಾಲ್ಕು ಚಿಕ್ಕ ವಾಕ್ಯಗಳು ನಡುಗುತ್ತಲೇ ಬಂದವು. ಮೂರನೆಯದರಲ್ಲಿ ಕ್ರಿಯಾಪದ ತಪ್ಪಿತು. ಯಾರೂ ಗಮನಿಸಿದಂತೆ ಕಾಣಲಿಲ್ಲ. ವೈದ್ಯರು ಬೆನ್ನಹುಣ್ಣನ್ನು ತಡೆಯುವ ಬಗೆಯನ್ನು ಕೇಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಿಂದ ಮೊದಲುಮಾಡಿ ಹೇಳಿದಳು. ಮುಖ್ಯ ದಾದಿ ಇನ್ಸುಲಿನ್ನಿನ ಪ್ರಶ್ನೆಯನ್ನು ಕೇಳಿದರು. 20 ಯೂನಿಟ್ಟಿಗೆ ಎಷ್ಟು ಎಳೆಯುವಿರಿ ಎಂದರು. ಹುಡುಗಿ ಸೀಸೆ 40ರದೋ 100ರದೋ ಎಂದು ತಿರುಗಿ ಕೇಳಿದಳು. ಮುಖ್ಯ ದಾದಿ ತಲೆಯೆತ್ತಿ ನೋಡಿ, ಮುಂದಿನ ಪ್ರಶ್ನೆಯನ್ನು ತಾವಾಗಿ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರಂತೆ. ಕೊನೆಗೆ ವೈದ್ಯರು ಕನ್ನಡಕ್ಕೆ ತಿರುಗಿ, ಉತ್ತರದ ಕಡೆಯ ಮುದುಕಿಯೊಬ್ಬಳು ಮೂರು ದಿನದಿಂದ ಹೊರಕಡೆ ಆಗಿಲ್ಲವೆಂದು ಹೇಳುತ್ತಿದ್ದಾಳೆ, ನಮ್ಮ ದಾದಿಯರು ಆಕೆಯನ್ನು ವಾರ್ಡಿನಿಂದ ಹೊರಗೆ ಕರೆದೊಯ್ದು ಅಂಗಳದಲ್ಲಿ ಕೂರಿಸಿ ಬಂದಿದ್ದಾರೆ ಎಂದರು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಆಕೆ ಮಡಚಿದ ಹಾಳೆಯನ್ನು ತೆಗೆದುಕೊಟ್ಟಳು. ವೈದ್ಯರು ಅದರ ಒಂದು ಪ್ರತಿಯನ್ನು ಮಾಡಿಸಿಕೊಂಡರು.

ಆಕೆಯ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಸಮಾಧಾನಕರವಾದ ಉತ್ತರ ದೊರೆಯಿತು. ಚಿಲಕದ ವಿಷಯವನ್ನು ನೋಡಿ ಹೇಳುವುದಾಗಿ ಅಧಿಕಾರಿ ಬರೆದುಕೊಂಡರು. ಎಂಟು ದಿನಗಳ ತರುವಾಯ ನೇಮಕದ ಸುದ್ದಿ ಬಂದಿತು. ವರನ ಕಡೆಯವರಿಂದ ಮುಂದೆ ಯಾವ ಮಾತೂ ಬರಲಿಲ್ಲ. ಸೊಸೈಟಿಯ ಮೊದಲ ಕಂತು ಮಾತ್ರ ಯುಗಾದಿಯ ಎರಡು ತಿಂಗಳ ಬಳಿಕ ಸಂದಾಯವಾಯಿತು. ಹೊರಡುವ ಮುನ್ನ ಹುಡುಗಿ ತನ್ನ ಲೆಕ್ಕದ ಪುಸ್ತಕವನ್ನು ಅಧೀಕ್ಷಕಿಯವರ ಬಳಿ ಬಿಟ್ಟುಹೋದಳು. ಈಗ ಇದೇ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿನಿಯರಿಬ್ಬರು ಸಂಜೆ ಅಲ್ಲಿಗೆ ಹೋಗುತ್ತಾರೆ. ಮೊನ್ನೆ ಅವರಿಗೆ ಕೊಟ್ಟ ಲೆಕ್ಕ ಅದೇ 500 ಮಿಲಿಲೀಟರ್, ಅದೇ ನಾಲ್ಕು ಗಂಟೆ. ಕೊಳವೆ ಮಾತ್ರ 15 ಹನಿಯದು. ಒಬ್ಬಳು 31 ಎಂದು ಬರೆದಳು. ಇನ್ನೊಬ್ಬಳು ಪುಸ್ತಕದ ಹಿಂದಿನ ಪುಟವನ್ನು ನೋಡಿ 42 ಎಂದು ಬರೆದಿದ್ದಳು. ಅಧೀಕ್ಷಕಿ ಪುಸ್ತಕವನ್ನು ಮುಚ್ಚಿ ತಮ್ಮ ಬಳಿಗೆ ಎಳೆದುಕೊಂಡು, ಮತ್ತೆ ಮಾಡು ಎಂದರು.